ಶಕ್ತಿ ಮತ್ತು ಸಿದ್ಧಿ: ಇಂಗ್ಲಿಷಿನ ಕೆಲವು ನುಡಿಗಟ್ಟುಗಳ ಇತಿಹಾಸ

1. ವಿಷಯ ಪ್ರವೇಶ

ಒಬ್ಬನಿಗೆ ಒಂದು ಕಾರ್ಯವನ್ನು ಮಾಡುವ ಸಾಮರ್ಥ್ಯವಿದ್ದಿತೆಂದು ಹೇಳುವುದು ಒಂದು ಮಾತು. ಆ ಕಾರ್ಯವನ್ನು ಅವನು ಮಾಡಿ ಮುಗಿಸಿದನೆಂದು ಹೇಳುವುದು ಬೇರೊಂದು ಮಾತು. ಮೊದಲನೆಯದನ್ನು ಶಕ್ತಿಯೆಂದೂ ಎರಡನೆಯದನ್ನು ಸಿದ್ಧಿಯೆಂದೂ ಪ್ರಕೃತ ಲೇಖನದಲ್ಲಿ ಕರೆಯೋಣ. ಇವೆರಡಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಎವರೆಸ್ಟ್ ಶಿಖರದ ಇತಿಹಾಸವೇ ಸಾಕ್ಷಿ. 1924ರ ಜೂನ್ 8ರಂದು ಜಾರ್ಜ್ ಮ್ಯಾಲೊರಿ ಮತ್ತು ಆಂಡ್ರೂ ಅರ್ವಿನ್ ಎಂಬ ಇಬ್ಬರು ಆರೋಹಿಗಳು ಶಿಖರದ ಈಶಾನ್ಯದ ಏಣಿನ ಮೇಲೆ ಸಾಗುತ್ತಿದ್ದುದನ್ನು ಅವರ ಸಂಗಡಿಗನಾದ ನೋಯೆಲ್ ಓಡೆಲ್ ಕಂಡನು. ಮತ್ತೆ ಅವರನ್ನು ಜೀವಂತವಾಗಿ ಯಾರೂ ಕಾಣಲಿಲ್ಲ. 1999ರಲ್ಲಿ ಮ್ಯಾಲೊರಿಯ ದೇಹ ದೊರೆತರೂ ಅವರು ಶಿಖರವನ್ನು ಮುಟ್ಟಿದ್ದರೇ ಇಲ್ಲವೇ ಎಂಬುದು ನಿರ್ಣಯವಾಗಲಿಲ್ಲ. ಮ್ಯಾಲೊರಿಗೆ ಅಷ್ಟೆತ್ತರ ಏರುವ ಶಕ್ತಿಯಿದ್ದಿತೆಂದು ವಾದಿಸುವವರು ಇದ್ದಾರೆ; ಏರಿದನೆಂದು ಪ್ರಮಾಣಪೂರ್ವಕವಾಗಿ ಹೇಳಬಲ್ಲವರಿಲ್ಲ. 1953ರ ಮೇ 29ರಂದು ಶಿಖರದ ಮೇಲೆ ನಿಂತ ತೇನ್‌ಸಿಂಗ್ ಮತ್ತು ಹಿಲರಿಯವರ ವಿಷಯದಲ್ಲಾದರೋ ಶಕ್ತಿ ಸಿದ್ಧಿಗಳೆರಡೂ ನಿಸ್ಸಂಶಯವಾಗಿವೆ.

ಈ ಅಂತರವನ್ನು ಇಂದಿನ ಇಂಗ್ಲಿಷ್ ಭಾಷೆ ತನ್ನ ನುಡಿಗಟ್ಟುಗಳಲ್ಲಿ ಕಟ್ಟುನಿಟ್ಟಾಗಿ ಕಾಪಾಡಿಕೊಂಡು ಬಂದಿದೆ. ಹಿಂದೊಮ್ಮೆ ಇದ್ದ ಸಾಮಾನ್ಯ ಶಕ್ತಿಯನ್ನು ಹೇಳುವುದಕ್ಕೆ ‘ಕುಡ್’ ಎಂಬುದು ಸಲ್ಲುತ್ತದೆ. ಒಂದು ನಿರ್ದಿಷ್ಟ ಸಂದರ್ಭದಲ್ಲಿ ಯತ್ನಿಸಿ ಪಡೆದ ಫಲವನ್ನು ಹೇಳಬೇಕಾದರೆ ‘ವಾಸ್ ಏಬಲ್ ಟು’, ‘ಮ್ಯಾನೇಜ್ಡ್ ಟು’, ‘ಸಕ್ಸೀಡೆಡ್ ಇನ್’ ಎಂಬಿವುಗಳಲ್ಲಿ ಒಂದನ್ನು ಬಳಸಬೇಕು. ತೇನ್‌ಸಿಂಗನು ಆ ದಿನ ಶಿಖರವನ್ನು ಏರಿದುದನ್ನು ತಿಳಿಸುವಲ್ಲಿ ‘ಕುಡ್ ಕ್ಲೈಂಬ್’ ಎಂದು ಬರೆದರೆ ಇಂಗ್ಲಿಷ್ ಓದುಗನಿಗೆ ಅದು ಅಪೂರ್ಣವಾಗಿ ತೋರುತ್ತದೆ. ಏರಬಲ್ಲವನಾಗಿದ್ದನು, ಸರಿ, ಏರಿದನೋ ಇಲ್ಲವೋ ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಬರೆಹಗಳಲ್ಲಿ ಈ ನಿಯಮದ ಉಲ್ಲಂಘನೆ ಬಹು ಸಾಮಾನ್ಯ. ‘ಕಷ್ಟಪಟ್ಟು ಓದಿದುದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಸಾಧ್ಯವಾಯಿತು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ಹೆಚ್ಚು ಮಂದಿ ‘ಐ ಕುಡ್ ಪಾಸ್’ ಎಂದೇ ಬರೆಯುತ್ತಾರೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಅದನ್ನು ‘ವಾಸ್ ಏಬಲ್ ಟು’ ಎಂದು ತಿದ್ದುತ್ತಾರೆ. ಹೀಗೇಕೆಂದು ವಿದ್ಯಾರ್ಥಿ ಕೇಳಿದರೆ ‘ಅದು ರೂಢಿ’ ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುತ್ತದೆ. ರೂಢಿಗೂ ಒಂದು ಇತಿಹಾಸವುಂಟು. ಆ ಇತಿಹಾಸವನ್ನು ಅರಿತರೆ ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯ ತಪ್ಪುತ್ತದೆಂಬುದೂ, ಇದೇ ಅಂತರ ಕನ್ನಡದಲ್ಲಿ ಬೇರೊಂದು ಮಾರ್ಗದಿಂದ ಸಿದ್ಧವಾಗಿದೆಯೆಂಬುದೂ ನಾವು ಇಲ್ಲಿ ತೋರಿಸಲು ಯತ್ನಿಸುವ ಎರಡು ಸಂಗತಿಗಳು.

2. ಅರಿವಿನಿಂದ ಶಕ್ತಿಗೆ

‘ಕ್ಯಾನ್’ ಎಂಬುದರ ಮೊದಲ ಅರ್ಥ ಶಕ್ತಿಯಲ್ಲ, ಅರಿವು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ಮೂಲರೂಪ ‘ಕುನ್ನನ್’. ತಿಳಿ, ಬಲ್ಲವನಾಗು ಎಂಬುದು ಅದರ ಅರ್ಥವಾಗಿದ್ದಿತು. ಭಾಷೆಯನ್ನು ಬಲ್ಲೆ, ವಿದ್ಯೆಯನ್ನು ಬಲ್ಲೆ ಎಂಬಲ್ಲಿ ಈ ಕ್ರಿಯಾಪದ ನೇರವಾಗಿ ನಾಮಪದದೊಡನೆ ಬರುತ್ತಿದ್ದಿತು. ಸೋದರಭಾಷೆಯಾದ ಜರ್ಮನಿನಲ್ಲಿ ಈ ಪ್ರಯೋಗ ಇಂದಿಗೂ ಜೀವಂತವಾಗಿದೆ. ಅಲ್ಲಿ ಜರ್ಮನ್ ಭಾಷೆ ಬರುತ್ತದೆ ಎನ್ನುವುದಕ್ಕೆ ಶಕ್ತಿವಾಚಕವಾದ ‘ಕ್ಯೋನೆನ್’ ಎಂಬ ಕ್ರಿಯೆಯನ್ನೇ ಬಳಸುತ್ತಾರೆ. ಇಂಗ್ಲಿಷಿನ ‘ನೋ’, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಜ್ಞಾನವಾಚಕ ಧಾತುಗಳು, ಸಂಸ್ಕೃತದ ‘ಜ್ಞಾ’ ಇವೆಲ್ಲ ಒಂದೇ ಮೂಲದಿಂದ ಒಡೆದ ಕವಲುಗಳೆಂಬುದು ಭಾಷಾವಿಜ್ಞಾನಿಗಳ ಸರ್ವಸಮ್ಮತವಾದ ನಿರ್ಣಯ. ಹೀಗೆ ‘ಕ್ಯಾನ್’ ಎಂಬ ಪುಟ್ಟ ಪದವೂ ನಮ್ಮ ‘ಜ್ಞಾನ’ವೂ ದೂರದ ಜ್ಞಾತಿಗಳು.

ಈ ಕ್ರಿಯೆಯ ರೂಪದಲ್ಲಿ ಒಂದು ವೈಶಿಷ್ಟ್ಯವುಂಟು. ಇದು ಹುಟ್ಟಿನಿಂದ ಭೂತಕಾಲದ ರೂಪ. ಅರ್ಥದಿಂದ ಮಾತ್ರ ವರ್ತಮಾನ. ‘ಅರಿತುಕೊಂಡಿದ್ದೇನೆ’ ಎಂಬುದು ‘ಅರಿತಿದ್ದೇನೆ, ಬಲ್ಲೆ’ ಎಂದು ಪರಿಣಮಿಸಿತು. ಸಂಸ್ಕೃತ ಬಲ್ಲವರಿಗೆ ಇದು ಅಪರಿಚಿತವಲ್ಲ. ‘ವಿದ್’ ಧಾತುವಿನ ‘ವೇದ’ ಎಂಬ ಕ್ರಿಯಾರೂಪ ಆಕಾರದಲ್ಲಿ ಪರೋಕ್ಷಭೂತವಾಗಿದ್ದು ಅರ್ಥದಲ್ಲಿ ‘ತಿಳಿದಿದ್ದಾನೆ’ ಎಂಬ ವರ್ತಮಾನವಾಗಿರುವುದೂ ಇದೇ ಬಗೆಯದು. ‘ಕ್ಯಾನ್’, ‘ಮೇ’, ‘ಷಲ್’ ಎಂಬಿವು ಪ್ರಥಮ ಪುರುಷದ ಏಕವಚನದಲ್ಲಿ ಇತರ ಕ್ರಿಯೆಗಳಂತೆ ‘ಸ’ಕಾರವನ್ನು ಪಡೆಯದಿರುವುದಕ್ಕೆ ಕಾರಣವೂ ಇದೇ ಆಗಿದೆ. ಶಾಲೆಯ ವ್ಯಾಕರಣ ಇದನ್ನು ಅಪವಾದವೆನ್ನುತ್ತದೆ. ಇತಿಹಾಸಕ್ಕೆ ಇದು ಹಳೆಯದೊಂದು ಕ್ರಮದ ಅವಶೇಷ.

ಪ್ರಾಚೀನ ಕಾಲದಲ್ಲಿ ಶಕ್ತಿಯನ್ನು ಹೇಳುತ್ತಿದ್ದುದು ‘ಮಗನ್’ ಎಂಬ ಬೇರೊಂದು ಕ್ರಿಯೆ. ಇಂದಿನ ‘ಮೇ’ ಅದರಿಂದಲೇ ಬಂದುದು. ಬಲವೆಂಬ ಅರ್ಥದ ‘ಮೈಟ್’ ಎಂಬ ನಾಮಪದದಲ್ಲಿ ಅದರ ಮೂಲಾರ್ಥ ಇನ್ನೂ ಉಳಿದಿದೆ. ಹೀಗೆ ಮೊದಲಲ್ಲಿ ಕೆಲಸ ಹಂಚಿಕೆಯಾಗಿದ್ದಿತು: ಮೈಯ ಬಲ, ಸಂದರ್ಭದ ಅನುಕೂಲ ಇವು ‘ಮಗನ್’ ಎಂಬುದರ ಪಾಲು, ಕಲಿತ ವಿದ್ಯೆ ‘ಕುನ್ನನ್’ ಎಂಬುದರ ಪಾಲು. ಕಲಿತವನಿಗೆ ಮಾಡುವ ಸಾಮರ್ಥ್ಯವೂ ಬರುವುದರಿಂದ ಎರಡನೆಯದು ನಿಧಾನವಾಗಿ ಮೊದಲನೆಯದರ ಎಲ್ಲೆಯೊಳಕ್ಕೆ ನುಗ್ಗಿತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಇವೆರಡೂ ಬಹುಕಾಲ ಜೊತೆಜೊತೆಗೆ ನಡೆದವು. ಕಡೆಗೆ ಶಕ್ತಿಯ ಅರ್ಥ ‘ಕ್ಯಾನ್’ ಎಂಬುದಕ್ಕೆ ಸೇರಿ, ‘ಮೇ’ ಎಂಬುದು ಅನುಮತಿ ಮತ್ತು ಸಂಭವಗಳನ್ನು ಹೇಳುವ ಪದವಾಗಿ ಉಳಿಯಿತು.

3. ‘ಕುಡ್’ ಎಂಬುದರ ಇಬ್ಬಂದಿತನ

‘ಕ್ಯಾನ್’ ಎಂಬುದೇ ಹಳೆಯ ಭೂತರೂಪವಾಗಿದ್ದುದರಿಂದ ಅದಕ್ಕೆ ಹೊಸದೊಂದು ಭೂತರೂಪ ಬೇಕಾಯಿತು. ಪ್ರಾಚೀನ ಇಂಗ್ಲಿಷಿನ ‘ಕೂದೆ’ ಎಂಬುದು ಆ ರೂಪ. ಇಂದು ಅದನ್ನು ಬರೆಯುವಾಗ ನಡುವೆ ಉಚ್ಚಾರಣೆಯಿಲ್ಲದ ‘ಎಲ್’ ಅಕ್ಷರವೊಂದು ಬರುತ್ತದೆಯಷ್ಟೆ. ಈ ಅಕ್ಷರಕ್ಕೆ ವ್ಯುತ್ಪತ್ತಿಯ ಬೆಂಬಲವಿಲ್ಲ. ‘ವುಡ್’ ಮತ್ತು ‘ಷುಡ್’ ಎಂಬಿವುಗಳಲ್ಲಿ ಅದು ಧಾತುವಿಗೆ ಸೇರಿದುದು. ಅವುಗಳ ಸಾದೃಶ್ಯದಿಂದ 15 ಮತ್ತು 16ನೆಯ ಶತಮಾನಗಳ ಸುಮಾರಿಗೆ ‘ಕುಡ್’ ಎಂಬುದರ ಬರೆವಣಿಗೆಯಲ್ಲಿಯೂ ನುಸುಳಿತು. ಹಳೆಯ ರೂಪದ ನೆನಪು ‘ಅನ್‌ಕೂತ್’ ಎಂಬ ಪದದಲ್ಲಿದೆ. ಅದಕ್ಕೆ ಮೊದಲು ‘ಅರಿಯದ, ಅಪರಿಚಿತ’ ಎಂಬ ಅರ್ಥವಿದ್ದು ಈಗ ‘ಒರಟಾದ, ಅನಾಗರಿಕ’ ಎಂಬ ಅರ್ಥ ಬಂದಿದೆ. ‘ಕನ್ನಿಂಗ್’ ಎಂಬುದೂ ಇದೇ ಕುಟುಂಬದ್ದು. ಜಾಣ್ಮೆಯೆಂಬ ಗೌರವದ ಅರ್ಥದಿಂದ ಕುಟಿಲತೆಯೆಂಬ ಅರ್ಥಕ್ಕೆ ಅದು ಇಳಿಯಿತು.

ಅಕ್ಷರದ ಕಥೆಗಿಂತ ಅರ್ಥದ ಕಥೆ ನಮಗೆ ಹೆಚ್ಚು ಮುಖ್ಯ. ಪ್ರಾಚೀನ ಇಂಗ್ಲಿಷಿನಲ್ಲಿ ನಡೆದುದನ್ನು ಹೇಳುವ ನಿಶ್ಚಯಾರ್ಥಕ್ಕೂ, ನಡೆಯಬಹುದಾದುದನ್ನು ಊಹಿಸಿ ಹೇಳುವ ಸಂಭಾವನಾರ್ಥಕ್ಕೂ ಬೇರೆ ಬೇರೆ ಪ್ರತ್ಯಯಗಳಿದ್ದುವು. ಆದರೆ ಈ ಕ್ರಿಯೆಯ ಭೂತಕಾಲದ ಏಕವಚನದಲ್ಲಿ, ಉತ್ತಮ ಮತ್ತು ಪ್ರಥಮ ಪುರುಷಗಳಲ್ಲಿ, ಎರಡು ಅರ್ಥಗಳಿಗೂ ‘ಕೂದೆ’ ಎಂಬುದೇ ರೂಪವಾಗಿದ್ದಿತು. ಬಹುವಚನದಲ್ಲಿ ಮಾತ್ರ ಕೊನೆಯ ಸ್ವರದಲ್ಲಿ ವ್ಯತ್ಯಾಸವಿದ್ದಿತು. 1066ರ ನಾರ್ಮನ್ ವಿಜಯಾನಂತರದ ಶತಮಾನಗಳಲ್ಲಿ ಪದಾಂತ್ಯದ ಸ್ವರಗಳು ಸವೆದುಹೋಗಲಾಗಿ ಆ ಅಲ್ಪ ವ್ಯತ್ಯಾಸವೂ ಅಳಿಯಿತು. ಅಂದಿನಿಂದ ‘ಕುಡ್’ ಎಂಬ ಒಂದೇ ರೂಪ ಎರಡು ಹೊರೆಗಳನ್ನು ಹೊರಬೇಕಾಯಿತು: ‘ಹಿಂದೆ ಮಾಡಬಲ್ಲವನಾಗಿದ್ದನು’ ಎಂಬುದು ಒಂದು, ‘ಅನುಕೂಲವಿದ್ದರೆ ಮಾಡಿಯಾನು’ ಎಂಬುದು ಇನ್ನೊಂದು.

ಇದರ ಜೊತೆಗೆ ಮತ್ತೊಂದು ನಷ್ಟವೂ ಒದಗಿತು. ‘ಕ್ಯಾನ್’ ಎಂಬುದಕ್ಕೆ ಮೊದಲು ಭಾವರೂಪವಿದ್ದಿತು. 15ನೆಯ ಶತಮಾನದವರೆಗೂ ‘ಷಲ್’ ಎಂಬುದರ ಮುಂದೆ ಅದನ್ನು ಸೇರಿಸಿ ಭವಿಷ್ಯತ್ಕಾಲವನ್ನು ಹೇಳುವ ಪ್ರಯೋಗಗಳು ಕಾಣಬರುತ್ತವೆ. ಕ್ರಮೇಣ ಈ ರೂಪ ಶಿಷ್ಟಭಾಷೆಯಿಂದ ಮರೆಯಾಯಿತು. ಸ್ಕಾಟ್ಲೆಂಡಿನ ಮತ್ತು ಅಮೆರಿಕದ ದಕ್ಷಿಣ ಪ್ರಾಂತಗಳ ಆಡುನುಡಿಯಲ್ಲಿ ಇಂತಹ ಎರಡು ಸಹಾಯಕ ಕ್ರಿಯೆಗಳನ್ನು ಒಟ್ಟಿಗೆ ಬಳಸುವ ಪದ್ಧತಿ ಇದೆ. ಹೀಗಾಗಿ ಶಿಷ್ಟ ಇಂಗ್ಲಿಷಿನಲ್ಲಿ ಭವಿಷ್ಯತ್ತಿನ ಶಕ್ತಿಯನ್ನಾಗಲಿ, ಈವರೆಗೆ ಪಡೆದ ಫಲವನ್ನಾಗಲಿ ‘ಕ್ಯಾನ್’ ಎಂಬುದರಿಂದ ಹೇಳುವುದು ಅಸಾಧ್ಯವಾಯಿತು. ಅತ್ತ ‘ಕುಡ್’ ಎಂಬುದು ಊಹೆಯ ಕಡೆಗೆ ವಾಲುತ್ತಿದ್ದಿತು. ಇತ್ತ ‘ಕ್ಯಾನ್’ ಎಂಬುದರ ಅರ್ಧ ರೂಪಗಳು ಕಳೆದುಹೋಗಿದ್ದುವು. ಭಾಷೆಯಲ್ಲಿ ತೆರವಾದ ಈ ಸ್ಥಾನವನ್ನು ತುಂಬಲು ಹೊರಗಿನಿಂದ ಬಂದ ಪದಗಳು ಸಿದ್ಧವಾಗಿದ್ದುವು.

4. ಹೊರಗಿನಿಂದ ಬಂದ ಮೂರು ಪದಗಳು

ಮೊದಲು ಬಂದುದು ‘ಏಬಲ್’. ಹಿಡಿ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ‘ಹಬಿಲಿಸ್’ ಎಂಬ ವಿಶೇಷಣ ಹುಟ್ಟಿತು. ಹಿಡಿಯಲು ಸುಲಭವಾದ, ಕೈಗೆ ಒದಗುವ, ಯೋಗ್ಯವಾದ ಎಂಬುದು ಅದರ ಅರ್ಥ. ಅದು ಹಳೆಯ ಫ್ರೆಂಚಿನ ಮೂಲಕ 14ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ನಾರ್ಮನ್ನರ ತರುವಾಯ ಅರಮನೆ, ನ್ಯಾಯಾಲಯಗಳಲ್ಲಿ ಮೂರು ಶತಮಾನಗಳ ಕಾಲ ಮೆರೆದ ಫ್ರೆಂಚ್ ಹಿಂದೆ ಸರಿಯುತ್ತಿದ್ದ ಕಾಲವದು. 1362ರಲ್ಲಿ ನ್ಯಾಯಾಲಯಗಳ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನವಾಯಿತು. ಫ್ರೆಂಚ್ ಹಿಂದೆ ಸರಿದರೂ ತನ್ನ ಪದಗಳನ್ನು ಬಿಟ್ಟುಹೋಯಿತು. ‘ಏಬಲ್’ ಎಂಬುದು ವಿಶೇಷಣವಾದುದರಿಂದ ಅದರೊಡನೆ ‘ಇರು’ ಎಂಬ ಕ್ರಿಯೆಯ ಎಲ್ಲ ರೂಪಗಳನ್ನೂ ಸೇರಿಸಬಹುದಾಗಿದ್ದಿತು. ‘ಕ್ಯಾನ್’ ಎಂಬುದು ಹೋಗಲಾರದ ಎಡೆಗಳಿಗೆಲ್ಲ ಇದು ಹೋಗಬಲ್ಲದ್ದಾಯಿತು. ಇಂದು ಈ ನುಡಿಗಟ್ಟಿಗೆ ಇರುವ ಪ್ರಾಶಸ್ತ್ಯಕ್ಕೆ ಈ ವ್ಯಾಕರಣಸೌಲಭ್ಯವೇ ಪ್ರಧಾನ ಕಾರಣ.

ಎರಡನೆಯದು ‘ಸಕ್ಸೀಡ್’. ಇದರ ಲ್ಯಾಟಿನ್ ಮೂಲಕ್ಕೆ ‘ಹಿಂದಿನಿಂದ ಬರು, ಅನುಸರಿಸು’ ಎಂದರ್ಥ. 14ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂದಾಗ ಒಬ್ಬನ ತರುವಾಯ ಮತ್ತೊಬ್ಬನು ಪಟ್ಟಕ್ಕೆ ಬರುವುದನ್ನು ಅದು ಹೇಳುತ್ತಿದ್ದಿತು. ಒಂದು ಕಾರ್ಯದ ಹಿಂದೆ ಬರುವುದು ಅದರ ಫಲ. ಆದಕಾರಣ ‘ಸಕ್ಸೆಸ್’ ಎಂಬ ನಾಮಪದಕ್ಕೆ 16ನೆಯ ಶತಮಾನದಲ್ಲಿ ಫಲ, ಪರಿಣಾಮ ಎಂಬಷ್ಟೇ ಅರ್ಥವಿದ್ದಿತು; ಅದು ಒಳ್ಳೆಯದೂ ಆಗಬಹುದಿತ್ತು, ಕೆಟ್ಟದೂ ಆಗಬಹುದಿತ್ತು. 1611ರ ಬೈಬಲ್ ಅನುವಾದದಲ್ಲಿ ‘ಗುಡ್ ಸಕ್ಸೆಸ್’ ಎಂದು ವಿಶೇಷಣ ಸೇರಿಸಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಕ್ರಮೇಣ ಒಳ್ಳೆಯ ಫಲವೆಂಬ ಅರ್ಥವೇ ನಿಂತಿತು. ‘ಫಲ’ ಎಂಬುದಕ್ಕೆ ‘ಸ’ ಸೇರಿಸಿ ‘ಸಫಲ’ವೆಂದ ನಮ್ಮ ದೇಶದ ರೂಢಿ ಇದಕ್ಕೆ ಹತ್ತಿರದ್ದು. ಹಳೆಯ ಅರ್ಥವಾದರೋ ಪೂರ್ತಿಯಾಗಿ ಅಳಿಯಲಿಲ್ಲ. 1782ರಲ್ಲಿ ಹೈದರಾಲಿಯ ಮರಣಾನಂತರ ಟಿಪ್ಪು ಅವನ ಸ್ಥಾನಕ್ಕೆ ಬಂದುದನ್ನು ಇಂಗ್ಲಿಷ್ ಚರಿತ್ರಕಾರರು ‘ಸಕ್ಸೀಡೆಡ್’ ಎಂದೇ ಬರೆಯುತ್ತಾರೆ. ಪಟ್ಟದ ಅರ್ಥದಲ್ಲಿ ಇದಕ್ಕೆ ‘ಟು’ ಬರುತ್ತದೆ. ಕಾರ್ಯಸಾಫಲ್ಯದ ಅರ್ಥದಲ್ಲಿ ‘ಇನ್’ ಬಂದು ಅದರ ಮುಂದೆ ‘ಇಂಗ್’ ಪ್ರತ್ಯಯಾಂತವಾದ ಕೃದಂತನಾಮ ನಿಲ್ಲುತ್ತದೆ. ‘ಸಕ್ಸೀಡೆಡ್ ಟು ಡು’ ಎಂದು ಬರೆಯುವ ವಿದ್ಯಾರ್ಥಿಗೆ ಈ ಎರಡು ಅರ್ಥಗಳ ಕಥೆಯನ್ನು ಹೇಳಿದರೆ ಅವನು ಮತ್ತೆ ಆ ತಪ್ಪನ್ನು ಮಾಡುವುದು ಕಡಮೆಯಾದೀತು.

ಮೂರನೆಯದಾದ ‘ಮ್ಯಾನೇಜ್’ ಎಂಬುದರ ಚರಿತ್ರೆ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಲ್ಯಾಟಿನಿನಲ್ಲಿ ‘ಮನುಸ್’ ಎಂದರೆ ಕೈ. ಅದರಿಂದ ಇಟಾಲಿಯನ್ ಭಾಷೆಯಲ್ಲಿ ‘ಮನೆಜ್ಜಾರೆ’ ಎಂಬ ಕ್ರಿಯೆಯಾಯಿತು. ಕೈಯಿಂದ ನಿರ್ವಹಿಸು, ವಿಶೇಷವಾಗಿ ಕುದುರೆಯನ್ನು ಪಳಗಿಸು ಎಂಬುದು ಅದರ ಅರ್ಥ. 16ನೆಯ ಶತಮಾನದಲ್ಲಿ ಇಟಲಿಯ ಅಶ್ವವಿದ್ಯೆ ಯೂರೋಪಿಗೆಲ್ಲ ಮಾದರಿಯಾಗಿದ್ದಿತು. ನೇಪಲ್ಸಿನ ಫೆಡೆರಿಕೊ ಗ್ರಿಸೋನೆ 1550ರಲ್ಲಿ ಪ್ರಕಟಿಸಿದ ಅಶ್ವಾರೋಹಣಶಾಸ್ತ್ರವನ್ನು ಸುಮಾರು 1560ರಲ್ಲಿ ಥಾಮಸ್ ಬ್ಲಂಡೆವಿಲ್ ಇಂಗ್ಲಿಷಿಗೆ ತಂದನು. ಆ ಶತಮಾನದ ಉತ್ತರಾರ್ಧದಲ್ಲಿಯೇ ‘ಮ್ಯಾನೇಜ್’ ಎಂಬ ಕ್ರಿಯೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು. ಕುದುರೆಯಿಂದ ಆಯುಧಕ್ಕೆ, ಆಯುಧದಿಂದ ಕಾರ್ಯಕ್ಕೆ, ಕಾರ್ಯದಿಂದ ಮನೆತನದ ಮತ್ತು ರಾಜ್ಯದ ಆಡಳಿತಕ್ಕೆ ಅದರ ಅರ್ಥ ಹಬ್ಬಿತು. ಮನೆವಾರ್ತೆಯನ್ನು ಮಿತವ್ಯಯದಿಂದ ನಡೆಸು ಎಂಬರ್ಥದ ಫ್ರೆಂಚ್ ಪದವೊಂದರ ನೆರಳೂ ಅದರ ಮೇಲೆ ಬಿದ್ದಿತು. ಎಡರುಗಳ ನಡುವೆ ಹೇಗೋ ಸಾಧಿಸು ಎಂಬ ಇಂದಿನ ಅರ್ಥ 18ನೆಯ ಶತಮಾನದಲ್ಲಿ ನೆಲೆಗೊಂಡಿತು. ಕುದುರೆ ಸುಮ್ಮನೆ ಒಗ್ಗುವ ಪ್ರಾಣಿಯಲ್ಲ. ಲಗಾಮು ಹಿಡಿದ ಕೈ ಅದರ ಹಟದೊಡನೆ ಹೋರಾಡಬೇಕು. ‘ಮ್ಯಾನೇಜ್ಡ್ ಟು’ ಎಂದಾಗ ಕಾರ್ಯ ಸುಲಭವಾಗಿರಲಿಲ್ಲವೆಂಬ ಧ್ವನಿ ಇಂದಿಗೂ ಹೊರಡುವುದಕ್ಕೆ ಈ ಹುಟ್ಟು ಚೆನ್ನಾಗಿ ಹೊಂದುತ್ತದೆ.

ಹೀಗೆ ಈ ಮೂರು ನುಡಿಗಟ್ಟುಗಳೂ ಸಿದ್ಧಿಯನ್ನೇ ಹೇಳಿದರೂ ಒಂದೊಂದರ ಛಾಯೆ ಒಂದೊಂದು ಬಗೆ. ‘ವಾಸ್ ಏಬಲ್ ಟು’ ಎಂಬುದರಲ್ಲಿ ಯೋಗ್ಯತೆಯೂ ಅನುಕೂಲವೂ ಕೂಡಿ ಬಂದುವೆಂಬ ಭಾವ. ‘ಸಕ್ಸೀಡೆಡ್ ಇನ್’ ಎಂಬುದರಲ್ಲಿ ಸಂಕಲ್ಪಿಸಿದ ಯತ್ನಕ್ಕೆ ಫಲ ದೊರೆಯಿತೆಂಬ ಭಾವ, ಸ್ವಲ್ಪ ಗಂಭೀರವಾದ ಧಾಟಿ. ‘ಮ್ಯಾನೇಜ್ಡ್ ಟು’ ಎಂಬುದರಲ್ಲಿ ಎಡರನ್ನು ದಾಟಿದ ಭಾವ. ಆಡುಮಾತಿನಲ್ಲಿ ಇದೇ ಹೆಚ್ಚು ಕೇಳಿಬರುತ್ತದೆ.

5. ಇಲ್ಲವೆಂಬಲ್ಲಿ ನಿಯಮ ಸಡಿಲವಾಗುವುದೇಕೆ?

ಮೇಲಿನ ನಿಯಮಕ್ಕೆ ಒಂದು ದೊಡ್ಡ ವಿನಾಯಿತಿ ಇದೆ. ನಿಷೇಧದಲ್ಲಿ ‘ಕುಡ್ ನಾಟ್’ ಎಂಬುದು ನಿರ್ದಿಷ್ಟ ಸಂದರ್ಭಕ್ಕೂ ಸಲ್ಲುತ್ತದೆ. ನಿನ್ನೆ ಕೊನೆಯ ಬಸ್ಸನ್ನು ಹಿಡಿದೆನೆಂಬುದಕ್ಕೆ ‘ಕುಡ್’ ತಪ್ಪಾಗುತ್ತದೆ. ಹಿಡಿಯಲಾಗಲಿಲ್ಲವೆಂಬುದಕ್ಕೆ ‘ಕುಡ್ ನಾಟ್’ ಸರಿಯಾಗುತ್ತದೆ. ಇದು ಭಾಷೆಯ ಚಪಲವಲ್ಲ, ತರ್ಕದ ನಿಯಮ. ಶಕ್ತಿಯಿದ್ದ ಮಾತ್ರಕ್ಕೆ ಕಾರ್ಯ ನಡೆಯಿತೆಂದು ಹೇಳಲಾಗದು. ಶಕ್ತಿಯಿಲ್ಲದಿದ್ದರೆ ಕಾರ್ಯ ನಡೆಯಲಿಲ್ಲವೆಂಬುದು ನಿಶ್ಚಯ. ಶಕ್ತಿಯ ಅಭಾವದಿಂದ ಸಿದ್ಧಿಯ ಅಭಾವ ತಾನಾಗಿಯೇ ಗೊತ್ತಾಗುವುದರಿಂದ ಅಲ್ಲಿ ಎರಡು ಬಗೆಯ ಪದಗಳ ಅಗತ್ಯ ಬೀಳುವುದಿಲ್ಲ.

ಕಾಣು, ಕೇಳು, ನೆನೆ, ಅರ್ಥಮಾಡಿಕೊ ಮುಂತಾದ ಕ್ರಿಯೆಗಳೊಡನೆಯೂ ‘ಕುಡ್’ ಎಂಬುದನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ. ದೂರದ ದೀಪ ಕಾಣಿಸುತ್ತಿತ್ತು ಎನ್ನುವಲ್ಲಿ ಕಾಣುವ ಶಕ್ತಿಗೂ ಕಾಣುವಿಕೆಗೂ ನಡುವೆ ಯತ್ನವೆಂಬ ಮೆಟ್ಟಿಲಿಲ್ಲ. ಕಣ್ಣು ತೆರೆದರೆ ಸಾಕು. ಯತ್ನವಿಲ್ಲದೆಡೆ ಶಕ್ತಿಸಿದ್ಧಿಗಳು ಬೇರ್ಪಡುವುದಿಲ್ಲ. ಈ ಎರಡು ವಿನಾಯಿತಿಗಳೂ ನಿಯಮವನ್ನು ಮುರಿಯದೆ ಅದರ ಮರ್ಮವನ್ನೇ ಬೆಳಗುತ್ತವೆ.

ಇದನ್ನು ವಿದ್ವಾಂಸರು ಶಾಸ್ತ್ರೀಯವಾಗಿ ಚರ್ಚಿಸಿದುದು 20ನೆಯ ಶತಮಾನದಲ್ಲಿ. ಆಕ್ಸ್‌ಫರ್ಡಿನ ತತ್ತ್ವಜ್ಞನಾದ ಜೆ. ಎಲ್. ಆಸ್ಟಿನ್ 1956ರಲ್ಲಿ ಬ್ರಿಟಿಷ್ ಅಕಾಡೆಮಿಯಲ್ಲಿ ನೀಡಿದ ಉಪನ್ಯಾಸದಲ್ಲಿ ‘ಇಫ್’ ಮತ್ತು ‘ಕ್ಯಾನ್’ ಎಂಬ ಪದಗಳನ್ನೇ ವಿಷಯವಾಗಿ ತೆಗೆದುಕೊಂಡು, ‘ಕುಡ್’ ಎಂಬುದು ಕೆಲವೆಡೆ ನಿಶ್ಚಯಾರ್ಥದ ಭೂತರೂಪವೆಂಬುದನ್ನು ಮರೆತರೆ ಮಾನವನ ಸ್ವಾತಂತ್ರ್ಯವನ್ನು ಕುರಿತ ವಾದವೇ ದಾರಿ ತಪ್ಪುತ್ತದೆಂದು ಎಚ್ಚರಿಸಿದನು. 1971ರಲ್ಲಿ ಲೌರಿ ಕಾರ್ಟುನೆನ್ ‘ಮ್ಯಾನೇಜ್’ ಮೊದಲಾದ ಕ್ರಿಯೆಗಳು ತಮ್ಮ ಮುಂದೆ ಬರುವ ಕಾರ್ಯ ನಡೆಯಿತೆಂಬುದನ್ನು ಅನಿವಾರ್ಯವಾಗಿ ಒಳಗೊಳ್ಳುತ್ತವೆಂದೂ, ಅವುಗಳನ್ನು ನಿಷೇಧಿಸಿದರೆ ಆ ಕಾರ್ಯವೂ ನಿಷಿದ್ಧವಾಗುತ್ತದೆಂದೂ ನಿರೂಪಿಸಿದನು. ‘ಹೋಪ್’ ಅಥವಾ ‘ಟ್ರೈ’ ಎಂಬ ಕ್ರಿಯೆಗಳಿಗೆ ಈ ಗುಣವಿಲ್ಲವೆಂಬುದನ್ನು ಗಮನಿಸಿದರೆ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ.

6. ಕನ್ನಡದ ಸಾಕ್ಷ್ಯ

ಇಷ್ಟನ್ನು ಹೇಳಿ ಕನ್ನಡದ ಕಡೆಗೆ ತಿರುಗಿದರೆ ಆಶ್ಚರ್ಯಕರವಾದ ಹೋಲಿಕೆಗಳು ಕಾಣುತ್ತವೆ. ‘ಅವನು ಕನ್ನಡ ಬಲ್ಲನು’ ಎಂಬಲ್ಲಿ ‘ಬಲ್ಲನು’ ಎಂದರೆ ತಿಳಿದಿದ್ದಾನೆ. ‘ಅವನು ಮಾಡಬಲ್ಲನು’ ಎಂಬಲ್ಲಿ ಶಕ್ತನಾಗಿದ್ದಾನೆ. ಒಂದೇ ಪದದಲ್ಲಿ ಅರಿವು ಶಕ್ತಿಗಳೆರಡೂ ನೆಲೆಸಿರುವುದು ಇಂಗ್ಲಿಷಿನಂತೆಯೇ. ಆದರೆ ಪಯಣದ ದಿಕ್ಕು ಬೇರೆ. ತಮಿಳಿನಲ್ಲಿ ಇದರ ಜ್ಞಾತಿಪದಗಳು ಬಲವನ್ನೂ ಸಾಮರ್ಥ್ಯವನ್ನೂ ಹೇಳುತ್ತವೆ. ಕನ್ನಡದಲ್ಲಿಯೂ ‘ಬಲ್ಲಿದ’ನೆಂದರೆ ಬಲಶಾಲಿ, ‘ಬಲಿ’ ಎಂದರೆ ಗಟ್ಟಿಯಾಗು. ಆದುದರಿಂದ ಇಂಗ್ಲಿಷ್ ಅರಿವಿನಿಂದ ಶಕ್ತಿಗೆ ನಡೆದರೆ ಕನ್ನಡ ಬಲದಿಂದ ಅರಿವಿಗೆ ನಡೆಯಿತೆಂದು ತೋರುತ್ತದೆ. ಬಲ್ಲವನೇ ಬಲ್ಲ ಬೆಲ್ಲದ ಸವಿಯ ಎಂಬ ಗಾದೆಯಲ್ಲಿ ಬಲದ ಸುಳಿವೂ ಇಲ್ಲ, ಅರಿವು ಮಾತ್ರ ಉಳಿದಿದೆ.

‘ಕ್ಯಾನ್’ ಎಂಬುದರಂತೆ ‘ಬಲ್ಲ’ ಎಂಬುದೂ ಅಪೂರ್ಣವಾದ ಕ್ರಿಯೆ. ಇದಕ್ಕೆ ಭೂತಕಾಲದ ರೂಪವಿಲ್ಲ. ನಿಷೇಧದಲ್ಲಿಯೂ ಬೇರೆ ಧಾತುವಿನ ನೆರವು ಬೇಕು: ‘ಮಾಡಬಲ್ಲೆ’ ಎಂಬುದಕ್ಕೆ ಪ್ರತಿಯಾಗಿ ‘ಮಾಡಲಾರೆ’ ಎನ್ನುತ್ತೇವೆ; ಹಳಗನ್ನಡದ ‘ಆರ್ಪು’ ಎಂಬ ಶಕ್ತಿವಾಚಕ ಪದದ ಬಂಧು ಇದು. ಭೂತಕಾಲವನ್ನು ಹೇಳಬೇಕಾದರೆ ‘ಬಲ್ಲವನಾಗಿದ್ದನು’, ‘ಶಕ್ತನಾದನು’, ‘ಸಾಧ್ಯವಾಯಿತು’, ‘ಕೈಗೂಡಿತು’ ಎಂಬ ನುಡಿಗಟ್ಟುಗಳನ್ನು ಆಶ್ರಯಿಸುತ್ತೇವೆ. ಇಂಗ್ಲಿಷಿನಲ್ಲಿ ಇಟಲಿಯಿಂದ ಬಂದ ‘ಕೈ’ ಮಾಡುವ ಕೆಲಸವನ್ನು ಇಲ್ಲಿ ನಮ್ಮದೇ ‘ಕೈ’ ಮಾಡುತ್ತದೆಂಬುದು ಗಮನಾರ್ಹ. ಕೈಲಾಯಿತು, ಕೈಲಾಗಲಿಲ್ಲ, ಕೈಮೀರಿತು ಎಂಬ ಮಾತುಗಳೆಲ್ಲ ಈ ಬಗೆಯವು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಈ ನುಡಿಗಟ್ಟುಗಳ ಕೊನೆಯಲ್ಲಿರುವ ಪ್ರತ್ಯಯದಲ್ಲಿದೆ. ಈ ಮೂರು ವಾಕ್ಯಗಳನ್ನು ನೋಡೋಣ. ‘ಚಿಕ್ಕಂದಿನಲ್ಲಿ ಅವನಿಗೆ ದಿನವಿಡೀ ನಡೆಯಲು ಸಾಧ್ಯವಾಗುತ್ತಿತ್ತು.’ ‘ಹಣವಿದ್ದಿದ್ದರೆ ಅವನಿಗೆ ಆ ಮನೆಯನ್ನು ಕೊಳ್ಳಲು ಸಾಧ್ಯವಾಗುತ್ತಿತ್ತು.’ ‘ನಿನ್ನೆ ಅವನಿಗೆ ಕೊನೆಯ ಬಸ್ಸನ್ನು ಹಿಡಿಯಲು ಸಾಧ್ಯವಾಯಿತು.’ ಮೊದಲನೆಯದು ಹಿಂದಿನ ಸಾಮಾನ್ಯ ಶಕ್ತಿ, ಎರಡನೆಯದು ಕೇವಲ ಊಹೆ, ಮೂರನೆಯದು ನಡೆದ ಕಾರ್ಯ. ಮೊದಲ ಎರಡಕ್ಕೂ ‘ಆಗುತ್ತಿತ್ತು’ ಎಂಬ ಒಂದೇ ರೂಪ. ಇಂಗ್ಲಿಷಿನಲ್ಲಿಯೂ ಆ ಎರಡು ಎಡೆಗಳಲ್ಲಿ ‘ಕುಡ್’ ಎಂಬುದೇ ನಿಲ್ಲುತ್ತದೆ, ಎರಡನೆಯದರಲ್ಲಿ ‘ಹ್ಯಾವ್’ ಎಂಬುದೊಂದು ಹೆಚ್ಚಾಗಿ ಸೇರುತ್ತದೆಯಷ್ಟೆ. ಮೂರನೆಯದಕ್ಕೆ ಮಾತ್ರ ‘ಆಯಿತು’. ಇಂಗ್ಲಿಷಿನಲ್ಲಿ ಅಲ್ಲಿ ‘ವಾಸ್ ಏಬಲ್ ಟು’. ಅಂದರೆ ಇಂಗ್ಲಿಷ್ ಪದವನ್ನು ಬದಲಿಸಿ ತೋರಿಸುವ ಅಂತರವನ್ನು ಕನ್ನಡ ಪ್ರತ್ಯಯವನ್ನು ಬದಲಿಸಿ ತೋರಿಸುತ್ತದೆ. ಕ್ರಿಯೆ ಮುಗಿಯದೆ ಹರಿಯುತ್ತಿರುವುದಾಗಿ ಹೇಳಿದರೆ ಶಕ್ತಿ. ಮುಗಿದುದಾಗಿ ಹೇಳಿದರೆ ಸಿದ್ಧಿ.

ಇದು ಕನ್ನಡಕ್ಕೆ ಮಾತ್ರ ವಿಶಿಷ್ಟವೆಂದು ಭಾವಿಸಬೇಕಾಗಿಲ್ಲ. ಫ್ರೆಂಚಿನಲ್ಲಿ ಶಕ್ತಿವಾಚಕ ಕ್ರಿಯೆಯ ಅಪೂರ್ಣಭೂತ ಸಾಮಾನ್ಯ ಸಾಮರ್ಥ್ಯವನ್ನೂ, ಪೂರ್ಣಭೂತ ನಡೆದ ಕಾರ್ಯವನ್ನೂ ಹೇಳುತ್ತವೆ. ಹಿಂದಿಯ ‘ಸಕತಾ ಥಾ’ ಮತ್ತು ‘ಸಕಾ’ ಎಂಬ ರೂಪಗಳಲ್ಲಿಯೂ ಇದೇ ಅಂತರವಿದೆ. 1999ರಲ್ಲಿ ರಾಜೇಶ್ ಭಟ್ ತಮ್ಮ ಸಂಶೋಧನ ಪ್ರಬಂಧದಲ್ಲಿ ಈ ವಿಷಯವನ್ನು ಚರ್ಚಿಸಿದ 뒤 ಭಾಷಾವಿಜ್ಞಾನದಲ್ಲಿ ಇದೊಂದು ಪ್ರಸಿದ್ಧ ಸಮಸ್ಯೆಯಾಗಿದೆ. ಭೂತಕಾಲದಲ್ಲಿ ಪೂರ್ಣಾಪೂರ್ಣಗಳನ್ನು ಪ್ರತ್ಯಯದಿಂದ ಬೇರ್ಪಡಿಸುವ ಭಾಷೆಗಳಿಗೆ ಒಂದೇ ಶಕ್ತಿವಾಚಕ ಪದ ಸಾಕು. ‘ಕುಡ್’ ಎಂಬುದಕ್ಕೆ ಆ ಸೌಕರ್ಯವಿಲ್ಲದುದರಿಂದ ಇಂಗ್ಲಿಷ್ ಎರವಲು ಪದಗಳಿಂದ ಕೊರತೆಯನ್ನು ತುಂಬಿಕೊಂಡಿತು.

7. ಬೋಧನೆಗೂ ಇತಿಹಾಸ ಲೇಖನಕ್ಕೂ ಇದರ ಪ್ರಯೋಜನ

ಹಾಗಾದರೆ ಅಂತರವನ್ನು ತನ್ನ ನುಡಿಯಲ್ಲಿಯೇ ಉಳ್ಳ ಕನ್ನಡ ವಿದ್ಯಾರ್ಥಿ ತಪ್ಪುವುದೇಕೆ? ನಿಘಂಟಿನ ಸಮೀಕರಣವೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ‘ಸಾಧ್ಯ’ವೆಂದರೆ ‘ಕ್ಯಾನ್’ ಎಂದು ಅವನು ಕಲಿತಿರುತ್ತಾನೆ. ‘ಕ್ಯಾನ್’ ಎಂಬುದರ ಭೂತ ‘ಕುಡ್’ ಎಂದೂ ಕಲಿತಿರುತ್ತಾನೆ. ‘ಸಾಧ್ಯವಾಯಿತು’ ಎಂಬುದು ಭೂತವಾದುದರಿಂದ ‘ಕುಡ್’ ಎಂದು ಬರೆಯುತ್ತಾನೆ. ಪದವನ್ನು ಪದಕ್ಕೆ ಸರಿಹೊಂದಿಸಿ ಪ್ರತ್ಯಯವನ್ನು ಕಡೆಗಣಿಸಿದುದೇ ಇಲ್ಲಿನ ದೋಷ. ನಮ್ಮ ತರ್ಕಶಾಸ್ತ್ರದಲ್ಲಿ ‘ಸಾಧ್ಯ’ವೆಂದರೆ ಇನ್ನೂ ಸಾಧಿಸಬೇಕಾದುದು, ‘ಸಿದ್ಧ’ವೆಂದರೆ ಸಾಧಿಸಿ ಮುಗಿದುದು. ‘ಸಾಧ್ಯವಾಯಿತು’ ಎಂಬ ಮಾತಿನಲ್ಲಿ ಸಾಧ್ಯವು ಸಿದ್ಧವಾಯಿತೆಂಬುದನ್ನು ತಿಳಿಸುವುದು ‘ಆಯಿತು’ ಎಂಬ ಭಾಗ.

ವಿದೇಶೀಯರಿಗಾಗಿ ಇಂಗ್ಲಿಷ್ ವ್ಯಾಕರಣಗಳನ್ನು ಬರೆದವರು ಈ ವಿಷಯವನ್ನು ವಾಕ್ಯಮಾದರಿಗಳ ಮೂಲಕ ಕಲಿಸಲು ಬಹಳ ಶ್ರಮಿಸಿದ್ದಾರೆ. ಹಾರ್ನ್‌ಬಿಯ ವಾಕ್ಯಮಾದರಿಗಳ ಕೈಪಿಡಿ 1954ರಲ್ಲಿ ಪ್ರಕಟವಾಯಿತು. 1958ರಲ್ಲಿ ಹೈದರಾಬಾದಿನಲ್ಲಿಯೂ 1963ರಲ್ಲಿ ಬೆಂಗಳೂರಿನಲ್ಲಿಯೂ ಇಂಗ್ಲಿಷ್ ಬೋಧಕರ ತರಬೇತಿಗಾಗಿ ಸಂಸ್ಥೆಗಳು ಸ್ಥಾಪಿತವಾದುವು. ಮಾದರಿಗಳ ಅಭ್ಯಾಸದಿಂದ ಪ್ರಯೋಜನವುಂಟೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಾತೃಭಾಷೆಯನ್ನು ತರಗತಿಯ ಹೊರಗಿಟ್ಟು ಕಲಿಸುವಾಗ, ವಿದ್ಯಾರ್ಥಿ ಆಗಲೇ ಬಲ್ಲ ಒಂದು ಭೇದವನ್ನು ಹೊಸದೆಂಬಂತೆ ಕಲಿಸಬೇಕಾಗಿ ಬರುತ್ತದೆ. ‘ಇಲ್ಲಿ ಕನ್ನಡದಲ್ಲಿ ಆಗುತ್ತಿತ್ತು ಎನ್ನುವೆಯೋ, ಆಯಿತು ಎನ್ನುವೆಯೋ?’ ಎಂಬ ಒಂದು ಪ್ರಶ್ನೆ ಹತ್ತು ಅಭ್ಯಾಸಗಳ ಕೆಲಸವನ್ನು ಮಾಡಬಲ್ಲದು.

ಇತಿಹಾಸದ ವಿದ್ಯಾರ್ಥಿಗೆ ಈ ವಿವೇಕ ಇನ್ನೂ ಹೆಚ್ಚು ಅಗತ್ಯ. ನಮ್ಮ ನಾಡಿನ ಚರಿತ್ರೆಯ ಆಧಾರಗಳಲ್ಲಿ ಒಂದು ದೊಡ್ಡ ಭಾಗ ಇಂಗ್ಲಿಷಿನಲ್ಲಿದೆ. 1767ರಲ್ಲಿ ಮೊದಲಾದ ಮೈಸೂರು ಯುದ್ಧದ ಕೊನೆಯಲ್ಲಿ, 1769ರಲ್ಲಿ, ಹೈದರಾಲಿ ತನ್ನ ಅಶ್ವದಳದೊಡನೆ ಮದರಾಸಿನ ಹೊರವಲಯಕ್ಕೆ ಬಂದು ಕಂಪೆನಿಯವರಿಂದ ಒಪ್ಪಂದ ಮಾಡಿಸಿಕೊಂಡನು. ಈ ಸಂದರ್ಭದಲ್ಲಿ ‘ಅವನಿಗೆ ಮದರಾಸನ್ನು ಹಿಡಿಯಲು ಸಾಧ್ಯವಾಗುತ್ತಿತ್ತು’ ಎಂದು ಬರೆಯುವುದು ಊಹೆ. ‘ಅವನಿಗೆ ಒಪ್ಪಂದವನ್ನು ಮಾಡಿಸಿಕೊಳ್ಳಲು ಸಾಧ್ಯವಾಯಿತು’ ಎಂದು ಬರೆಯುವುದು ಘಟನೆ. ಮೊದಲನೆಯದನ್ನು ಸಮರ್ಥಿಸಲು ವಾದ ಬೇಕು, ಎರಡನೆಯದಕ್ಕೆ ಆಧಾರಪತ್ರ ಸಾಕು. ಇಂಗ್ಲಿಷ್ ಆಧಾರದಲ್ಲಿರುವ ‘ಕುಡ್’ ಎಂಬುದನ್ನು ಅವಸರದಿಂದ ‘ಆಯಿತು’ ಎಂದು ಕನ್ನಡಿಸಿದರೆ, ನಡೆಯದ ಸಂಗತಿ ನಡೆದುದಾಗಿ ನಮ್ಮ ಚರಿತ್ರೆಯಲ್ಲಿ ಸೇರಿಬಿಡುತ್ತದೆ. ‘ವಾಸ್ ಏಬಲ್ ಟು’ ಎಂಬುದನ್ನು ‘ಬಲ್ಲವನಾಗಿದ್ದನು’ ಎಂದು ತಿರುಗಿಸಿದರೆ, ನಡೆದ ಸಂಗತಿ ಬರಿಯ ಸಾಮರ್ಥ್ಯವಾಗಿ ಕರಗಿಹೋಗುತ್ತದೆ.

ಅರಿವು, ಬಲ, ಯೋಗ್ಯತೆ, ಫಲ, ಕೈ ಎಂಬ ಐದು ಮೂಲಗಳಿಂದ ಮಾನವನು ತನ್ನ ಶಕ್ತಿಸಿದ್ಧಿಗಳನ್ನು ಹೇಳುವ ಮಾತುಗಳನ್ನು ಕಟ್ಟಿಕೊಂಡಿರುವುದನ್ನು ನಾವು ಮೇಲೆ ಕಂಡೆವು. ಇಂಗ್ಲಿಷ್ ಈ ಕಟ್ಟಡಕ್ಕೆ ನಾಲ್ಕು ಭಾಷೆಗಳ ಕಲ್ಲನ್ನು ತಂದಿತು. ಕನ್ನಡ ಬಹುಮಟ್ಟಿಗೆ ತನ್ನ ಪ್ರತ್ಯಯಗಳಿಂದಲೇ ಅದನ್ನು ಸಾಧಿಸಿತು. ಎರಡು ಭಾಷೆಗಳನ್ನೂ ಬಳಸುವ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಶಕ್ತಿಯನ್ನು ಶಕ್ತಿಯೆಂದೂ ಸಿದ್ಧಿಯನ್ನು ಸಿದ್ಧಿಯೆಂದೂ ಬರೆಯುವ ಎಚ್ಚರವನ್ನು ಬೆಳೆಸಿಕೊಂಡರೆ ಭಾಷೆಗೂ ಚರಿತ್ರೆಗೂ ಒಟ್ಟಿಗೆ ಉಪಕಾರವಾಗುತ್ತದೆ.